ನದೀನಾಮಗಳೂ ಕೂಡಲಸಂಗಮವೂ

ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಎಡೆಗೆ ಕೂಡಲಸಂಗಮವೆಂದು ಹೆಸರು. ಬಾಗಲಕೋಟೆ ಜಿಲ್ಲೆಯ ಈ ಕ್ಷೇತ್ರದ ಹೆಸರನ್ನು ಬಸವಣ್ಣನವರ ವಚನಗಳನ್ನು ಪಠಿಸುವ ಭಕ್ತರೆಲ್ಲರೂ ದಿನವೂ ನೆನೆಯುವರು. ವಚನದ ಕೊನೆಯಲ್ಲಿ ಬರುವ ಅಂಕಿತವೆಂದು ಅದನ್ನು ನುಡಿದು ಮುಂದೆ ಸಾಗುವುದು ರೂಢಿಯಾಗಿದೆ. ಆದರೆ ಆ ಹೆಸರಿನೊಳಗೆ ಎರಡು ಭಾಷೆಗಳ ಎರಡು ಪದಗಳು ಒಂದೇ ಅರ್ಥವನ್ನು ಹೇಳುತ್ತ ಜೊತೆಗೂಡಿ ನಿಂತಿವೆಯೆಂಬುದನ್ನು ಗಮನಿಸುವವರು ವಿರಳ. 'ಕೂಡಲು' ಎಂಬುದು ಅಚ್ಚಗನ್ನಡ ನುಡಿ. 'ಕೂಡು' ಎಂಬ ಧಾತುವಿನಿಂದ ಹುಟ್ಟಿ, ಎರಡು ಹೊಳೆಗಳು ಕೂಡುವ ಸ್ಥಳವನ್ನು ಸೂಚಿಸುತ್ತದೆ. 'ಸಂಗಮ'ವೆಂಬುದು ಸಂಸ್ಕೃತ ಶಬ್ದ. ಅದರ ಅರ್ಥವೂ ಅದೇ. ದಡದಲ್ಲಿ ವಾಸಿಸುವ ಒಕ್ಕಲಿಗರೂ ಅಂಬಿಗರೂ ಕರೆದ ಹೆಸರೊಂದು, ಪಂಡಿತರು ಕರೆದ ಹೆಸರೊಂದು. ಎರಡೂ ಒಂದನ್ನೊಂದು ತಳ್ಳದೆ ಹೊಂದಿಕೊಂಡು ಒಂದೇ ಹೆಸರಾದುವು. ಹೊಳೆಗಳು ಕೂಡಿದಂತೆಯೇ ಅವುಗಳ ಹೆಸರುಗಳೂ ಕೂಡಿದ ನಿದರ್ಶನವಿದು.

ಈ ಒಂದು ಹೆಸರನ್ನು ಕೈದೀವಿಗೆಯಾಗಿ ಹಿಡಿದು ಕನ್ನಡ ನಾಡಿನ ಬೇರೆ ನದಿಗಳ ಹೆಸರುಗಳನ್ನು ನೋಡಿದರೆ ಅಲ್ಲಿಯೂ ಇಂತಹ ಪದರುಗಳು ಕಾಣಬರುತ್ತವೆ. ನದಿಗೆ ಹೆಸರಿಡುವವರು ಮೂವರು. ನೀರನ್ನು ಕುಡಿದು, ದಾಟಿ, ಅದರಿಂದ ಬೆಳೆ ತೆಗೆಯುವ ಜನರು ಮೊದಲನೆಯವರು. ಅವರು ಕಂಡುದನ್ನೇ ಹೆಸರಾಗಿ ಇಡುವರು. ಶಾಸನವನ್ನೂ ಕಾವ್ಯವನ್ನೂ ಬರೆದವರು ಎರಡನೆಯವರು. ಅವರು ಜನರ ನುಡಿಯನ್ನು ತಿದ್ದಿ ಗ್ರಂಥಕ್ಕೆ ಒಪ್ಪುವಂತೆ ಮಾಡುವರು. ಪೌರಾಣಿಕರು ಮೂರನೆಯವರು, ಇರುವ ಹೆಸರಿಗೆ ಕಾರಣವನ್ನು ಹುಡುಕಿ ಕಥೆಯನ್ನು ಕಟ್ಟುವರು. ಅನೇಕ ಸಂದರ್ಭಗಳಲ್ಲಿ ಹೆಸರು ಮೊದಲು, ಕಥೆ ಆಮೇಲೆ. ಈ ಕ್ರಮವನ್ನು ಮರೆತರೆ ಪುರಾಣವೇ ಇತಿಹಾಸವೆಂಬ ಭ್ರಮೆಯುಂಟಾಗುವುದು.

ಮೊದಲು ಜನರ ಹೆಸರನ್ನು ನೋಡಬೇಕು. ಇಂದು ಕೃಷ್ಣೆಯೆಂದು ಎಲ್ಲರೂ ಕರೆಯುವ ನದಿಗೆ ಹಳೆಯ ಕನ್ನಡ ಶಾಸನಗಳಲ್ಲಿ 'ಪೆರ್ದೊರೆ' ಎಂಬ ಹೆಸರುಂಟು. ಪಿರಿದಾದ ತೊರೆ ಪೆರ್ದೊರೆ. ಮುಂದೆ ಪಕಾರವು ಹಕಾರವಾಗಿ ಅದೇ 'ಹೆದ್ದೊರೆ'ಯಾಯಿತು. ಮಹಾಬಲೇಶ್ವರದ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 1400 ಕಿಲೋಮೀಟರು ಹರಿದು ಬಂಗಾಲದ ಕೊಲ್ಲಿಯನ್ನು ಸೇರುವ ನದಿಗೆ ಇದಕ್ಕಿಂತ ಸಹಜವಾದ ಹೆಸರು ಬೇರೊಂದಿರಲಾರದು. ಇದರಲ್ಲಿ ದೇವತೆಯಿಲ್ಲ, ಶಾಪವಿಲ್ಲ, ವರವಿಲ್ಲ. ಮಳೆಗಾಲದಲ್ಲಿ ಆಚೆಯ ದಡವು ದೂರಸರಿದುದನ್ನು ಕಂಡ ಕಣ್ಣು ಮಾತ್ರ ಇದೆ. ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಭಾಗದ ನೆಲವು ಶಾಸನಗಳಲ್ಲಿ 'ಎಡೆದೊರೆ' ನಾಡೆನಿಸಿದೆ. ತೊರೆಗಳ ಎಡೆಯಲ್ಲಿರುವ ನಾಡು ಎಂದು ಅದರ ಅರ್ಥ. ರಾಜೇಂದ್ರ ಚೋಳನ ತಮಿಳು ಶಾಸನಗಳಲ್ಲಿಯೂ ಈ ಹೆಸರು ತಮಿಳಿನ ಉಚ್ಚಾರಣೆಯನ್ನು ಪಡೆದು ಕಾಣಿಸುತ್ತದೆ. ಗೆಲ್ಲಲು ಬಂದವರೂ ಹೆಸರನ್ನು ಅಳಿಸದೆ ಹಾಗೆಯೇ ಕೊಂಡೊಯ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಕೋಟೆಗಳನ್ನಾಗಲಿ ರಾಜಧಾನಿಗಳನ್ನಾಗಲಿ ಗುರುತಾಗಿ ತೆಗೆದುಕೊಳ್ಳದೆ, ತೆಂಕಣ ಕಾವೇರಿಯನ್ನೂ ಬಡಗಣ ಗೋದಾವರಿಯನ್ನೂ ತೆಗೆದುಕೊಂಡಿತು. ಅರಸರು ಅಳಿದರೂ ನದಿಯ ಹೆಸರು ಉಳಿಯುವುದೆಂಬುದು ಆ ಕಾಲದವರಿಗೆ ತಿಳಿದಿತ್ತು.

ಇನ್ನು ಗ್ರಂಥಸ್ಥವಾದ ಹೆಸರುಗಳು. ಮಹಾಭಾರತದಲ್ಲಿಯೂ ಶಾಸನಗಳಲ್ಲಿಯೂ ಈ ಪೆರ್ದೊರೆಗೆ 'ಕೃಷ್ಣವೇಣಾ', 'ಕೃಷ್ಣವೇಣ್ಣಾ' ಮುಂತಾದ ರೂಪಗಳು ದೊರೆಯುತ್ತವೆ. ಸಾತಾರೆಯ ಸಮೀಪದ ಮಾಹುಲಿಯಲ್ಲಿ ವೇಣ್ಣಾ ಎಂಬ ನದಿಯು ಕೃಷ್ಣೆಯನ್ನು ಕೂಡುತ್ತದೆ. ಆ ಎರಡರ ಹೆಸರುಗಳು ಸೇರಿ ಕೃಷ್ಣವೇಣ್ಣೆಯಾಯಿತೆಂದು ತಿಳಿಯುವವರುಂಟು. ಕಾಲಕ್ರಮದಲ್ಲಿ 'ವೇಣ್ಣಾ' ಎಂಬುದರ ಮೂಲವು ಮರೆತುಹೋಗಿ, ಜಡೆಯೆಂಬ ಅರ್ಥದ 'ವೇಣಿ' ಶಬ್ದವು ಅದರ ಸ್ಥಾನದಲ್ಲಿ ನಿಂತಿತು. ಹೀಗೆ ಕೃಷ್ಣವೇಣಿಯು ಕರಿಯ ಜಡೆಯ ದೇವಿಯಾದಳು.

ಪುರಾಣವು ಇದಕ್ಕೆ ಬೇರೊಂದು ಕಾರಣವನ್ನು ಹೇಳುತ್ತದೆ. ಬ್ರಹ್ಮನು ಸಹ್ಯಾದ್ರಿಯಲ್ಲಿ ಯಜ್ಞವನ್ನು ಕೈಕೊಂಡಾಗ ಪತ್ನಿಯಾದ ಸಾವಿತ್ರಿಯು ಬರುವುದು ತಡವಾಯಿತಂತೆ. ಮುಹೂರ್ತವು ಮೀರುವುದೆಂದು ಗಾಯತ್ರಿಯನ್ನು ಅವಳ ಎಡೆಯಲ್ಲಿ ಕುಳ್ಳಿರಿಸಿದರು. ಆಮೇಲೆ ಬಂದ ಸಾವಿತ್ರಿಯು ಕೋಪಗೊಂಡು ದೇವತೆಗಳು ನದಿಗಳಾಗಿ ಹರಿಯಲೆಂದು ಶಪಿಸಿದಳು. ವಿಷ್ಣುವು ಕೃಷ್ಣೆಯಾದನು, ಶಿವನು ವೇಣ್ಣೆಯಾದನು. ಹಳೆಯ ಮಹಾಬಲೇಶ್ವರದಲ್ಲಿ ಕೃಷ್ಣಾ, ವೇಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಮೂಲವನ್ನು ಇಂದಿಗೂ ಯಾತ್ರಿಕರಿಗೆ ತೋರಿಸುವರು. ಒಂದೇ ಬೆಟ್ಟದ ನೆತ್ತಿಯಿಂದ ಕೆಲವು ಹೊಳೆಗಳು ಮೂಡಲಿಗೂ, ಸಾವಿತ್ರಿಯು ಪಡುವಲಿಗೂ ಹರಿಯುವುದುಂಟು. ಮುನಿದು ಬೇರೆ ದಾರಿ ಹಿಡಿದವಳಂತೆ ಸಾವಿತ್ರಿಯು ಕೊಂಕಣದತ್ತ ಇಳಿದುದನ್ನು ಕಂಡವರು ಈ ಕಥೆಯನ್ನು ಕಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನು?

ತುಂಗಭದ್ರೆಯ ಹೆಸರೂ ಕೂಡಿಕೆಯಿಂದಲೇ ಹುಟ್ಟಿದುದು. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವುವು. ಹಿರಣ್ಯಾಕ್ಷನನ್ನು ಕೊಂದು ಬಳಲಿದ ವರಾಹಸ್ವಾಮಿಯು ಅಲ್ಲಿ ಕುಳಿತಾಗ ಎಡದ ಕೋರೆಯಿಂದ ಇಳಿದ ನೀರು ತುಂಗೆಯಾಯಿತು, ಬಲದ ಕೋರೆಯಿಂದ ಇಳಿದುದು ಭದ್ರೆಯಾಯಿತು, ಕಣ್ಣುಗಳಿಂದ ಇಳಿದುದು ನೇತ್ರಾವತಿಯಾಯಿತು ಎಂದು ಸ್ಥಳಪುರಾಣ. ಬೆಟ್ಟಕ್ಕೆ ವರಾಹಪರ್ವತವೆಂಬ ಹೆಸರೂ ಇದೆ. ಈ ಎರಡು ನದಿಗಳು ಶಿವಮೊಗ್ಗೆಯ ಸಮೀಪದಲ್ಲಿ ಕೂಡುವ ಊರಿನ ಹೆಸರು ಕೂಡಲಿ. ಅಲ್ಲಿಂದ ಮುಂದೆ ತುಂಗೆಯೂ ಇಲ್ಲ, ಭದ್ರೆಯೂ ಇಲ್ಲ; ತುಂಗಭದ್ರೆಯೊಂದೇ. ಈ ನದಿಗೆ 'ಪಂಪಾ' ಎಂಬ ಪ್ರಾಚೀನ ನಾಮವೂ ಉಂಟು. ಪಂಪೆಯು ಬ್ರಹ್ಮನ ಮಗಳೆಂದೂ, ತಪಸ್ಸಿನಿಂದ ಶಿವನನ್ನು ಒಲಿಸಿಕೊಂಡಳೆಂದೂ, ಆದುದರಿಂದಲೇ ವಿರೂಪಾಕ್ಷನು ಪಂಪಾಪತಿಯೆನಿಸಿದನೆಂದೂ ಹೇಳುವರು. ಪಂಪೆಯೇ ಹಕಾರವನ್ನು ಪಡೆದು ಹಂಪೆಯಾಯಿತು. ಪೆರ್ದೊರೆಯು ಹೆದ್ದೊರೆಯಾದ ದಾರಿಯಲ್ಲಿಯೇ ಈ ಹೆಸರೂ ನಡೆದಿದೆಯೆಂಬುದು ಗಮನಾರ್ಹ. ದೇವಿಯ ಹೆಸರಾದರೂ ಜನರ ನಾಲಗೆಯ ನಿಯಮವನ್ನು ಮೀರಲಾರದು.

ಹೆಸರಿನಿಂದ ಕಥೆ ಹೇಗೆ ಹುಟ್ಟುವುದೆಂಬುದಕ್ಕೆ ಶರಾವತಿಯ ಉದಾಹರಣೆಯು ಸ್ಪಷ್ಟವಾಗಿದೆ. ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಈ ನದಿಯು ಹುಟ್ಟುತ್ತದೆ. ಶ್ರೀರಾಮನು ಸೀತೆಯ ಬಾಯಾರಿಕೆಯನ್ನು ತಣಿಸಲು ನೆಲಕ್ಕೆ ಬಾಣವನ್ನು ಹೂಡಿದಾಗ ಚಿಮ್ಮಿದ ನೀರೇ ಶರಾವತಿಯೆಂದು ಪ್ರತೀತಿ. ಕನ್ನಡದಲ್ಲಿ 'ಅಂಬು' ಎಂದರೆ ಬಾಣ. ಸಂಸ್ಕೃತದಲ್ಲಿ 'ಅಂಬು' ಎಂದರೆ ನೀರು. 'ಶರ'ವೆಂದರೆ ಬಾಣವೂ ಹೌದು, ಹೊಳೆಯ ಅಂಚಿನಲ್ಲಿ ಬೆಳೆಯುವ ಜೊಂಡುಹುಲ್ಲೂ ಹೌದು. ನೀರಿನ ತೀರ್ಥವೆಂದೂ ಜೊಂಡು ಬೆಳೆಯುವ ಹೊಳೆಯೆಂದೂ ಅರ್ಥಮಾಡಬಹುದಾದ ಎರಡು ಹೆಸರುಗಳು ಬಾಣವೆಂಬ ಅರ್ಥದಲ್ಲಿ ಸಂಧಿಸಿದುವು. ಬಾಣ ಬಂದಮೇಲೆ ಬಿಲ್ಲುಗಾರನು ಬೇಕು. ರಾಮನಿಗಿಂತ ಹಿರಿಯ ಬಿಲ್ಲುಗಾರನು ಯಾರು? ಎರಡು ಭಾಷೆಗಳು ಒಂದೆಡೆ ಬಾಳುವ ನಾಡಿನಲ್ಲಿ ಕಥೆಗಳು ಹೀಗೆಯೇ ಚಿಗುರುವುವು.

ಶರಣರಿಗೆ ಆಪ್ತವಾದ ಮಲಪ್ರಭೆಯ ಕಡೆಗೆ ಈಗ ಬರಬಹುದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಮಲೆನಾಡಿನ ಮಳೆಯನ್ನು ಬಯಲುಸೀಮೆಯ ಎರೆಯ ನೆಲಕ್ಕೆ ಹೊತ್ತು ತರುವ ನದಿಯಿದು. ಹಿಂದಿನ ಬರಹಗಳಲ್ಲಿ ಇದಕ್ಕೆ ಮಲಪಹಾರಿ, ಮಲಾಪಹಾರಿ ಎಂಬ ಹೆಸರುಗಳು ಬರುತ್ತವೆ. ಮಲವನ್ನು, ಎಂದರೆ ಕೊಳೆಯನ್ನು, ಅಪಹರಿಸುವವಳು ಎಂದು ಇದರ ಅರ್ಥ. ಕನ್ನಡಿಗರ ಕಿವಿಗೆ ಇದರಲ್ಲಿ 'ಮಲೆ' ಎಂಬ ನುಡಿಯೂ ಕೇಳಿಸುವುದು. ಆದರೆ ಧ್ವನಿಸಾಮ್ಯವೊಂದರಿಂದಲೇ ನಿರ್ಣಯಕ್ಕೆ ಬರುವುದು ಸರಿಯಲ್ಲ.

ಈ ನದಿಯ ದಂಡೆಯಲ್ಲಿ ಎರಡು ಐತಿಹ್ಯಗಳು ಬಲು ಪ್ರಸಿದ್ಧವಾಗಿವೆ. ಸವದತ್ತಿಯ ಬಳಿಯಲ್ಲಿ ಗುಡ್ಡಗಳು ಅಡ್ಡಬಂದು ಹೊಳೆಗೆ ದಾರಿ ಸಿಗದಾದಾಗ ಗುಡ್ಡದ ಮೇಲಿನ ನವಿಲೊಂದು ಕೂಗಿ ಕರೆಯಿತಂತೆ. ಗುಡ್ಡವು ಬಿರಿದು ದಾರಿಯಾಯಿತಂತೆ. ಅದೇ ನವಿಲುತೀರ್ಥ. ಅಣೆಕಟ್ಟನ್ನು ಕಟ್ಟಲು ಇಂಜಿನಿಯರರು ಆರಿಸಿಕೊಂಡುದೂ ಇದೇ ಕಂದರವನ್ನೇ. ಹೊಳೆಯು ಎಷ್ಟೋ ಸಾವಿರ ವರ್ಷಗಳ ಕಾಲ ಕಲ್ಲನ್ನು ಕೊರೆದು ಮಾಡಿದ ಕೆಲಸವನ್ನು ಕಥೆಯು ನವಿಲಿನ ಒಂದು ಕೂಗಿನಲ್ಲಿ ಮುಗಿಸಿತು. ಎರಡನೆಯದು ಐಹೊಳೆಯ ಕಥೆ. ಕ್ಷತ್ರಿಯರನ್ನು ಸಂಹರಿಸಿ ಬಂದ ಪರಶುರಾಮನು ಮಲಪ್ರಭೆಯಲ್ಲಿ ಕೊಡಲಿಯನ್ನು ತೊಳೆದಾಗ ನೀರು ಕೆಂಪಾಯಿತು. ಅದನ್ನು ಕಂಡ ಹೆಂಗಸೊಬ್ಬಳು 'ಅಯ್ಯೋ ಹೊಳೆ' ಎಂದು ಕೂಗಿದಳು. ಅದರಿಂದ ಐಹೊಳೆಯೆಂದಾಯಿತು ಎಂದು ಜನರು ಹೇಳುವರು. ಆದರೆ ಶಾಸನಗಳಲ್ಲಿ ಈ ಊರು 'ಅಯ್ಯಾವೊಳೆ', ಸಂಸ್ಕೃತದಲ್ಲಿ 'ಆರ್ಯಪುರ'. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ಇದೇ ಹೆಸರನ್ನು ಹೊತ್ತು ದಕ್ಷಿಣದ ನಾಡುಗಳಲ್ಲೆಲ್ಲ ವ್ಯಾಪಾರ ಮಾಡಿತು. ಅಯ್ಯಗಳು, ಎಂದರೆ ಹಿರಿಯರು, ಇದ್ದ ಊರೆಂಬುದೇ ಅದರ ಭಾವ. ಶಾಸನವು ಹೀಗೆ ಸ್ಪಷ್ಟವಾಗಿ ಸಾಕ್ಷಿ ನುಡಿಯುವಾಗ ಕೊಡಲಿಯ ಕಥೆಯನ್ನು ಇತಿಹಾಸವೆಂದು ಹಿಡಿಯಲಾಗದು. ಅದೇ ಐಹೊಳೆಯ ಮೇಗುಟಿಯಲ್ಲಿ ಕ್ರಿ. ಶ. 634ರಲ್ಲಿ ರವಿಕೀರ್ತಿಯು ಬರೆಯಿಸಿದ ಶಾಸನದಲ್ಲಿ ಭೀಮೆಯು 'ಭೀಮರಥಿ'ಯೆಂದು ಬರುತ್ತದೆ. ಬನವಾಸಿಯನ್ನು ಬಳಸಿ ಹರಿಯುವ ವರದೆಯ ಹೆಸರೂ ಅಲ್ಲಿದೆ. ಸಾವಿರದ ಮುನ್ನೂರಕ್ಕೂ ಮಿಕ್ಕಿದ ವರ್ಷಗಳ ಹಿಂದಿನ ಕಲ್ಲಿನ ಮೇಲಿನ ಈ ಹೆಸರುಗಳು ಇಂದಿಗೂ ಜನರ ಬಾಯಲ್ಲಿ ಬಾಳುತ್ತಿವೆ.

ಹಾಗಾದರೆ ಪುರಾಣಗಳನ್ನೂ ಐತಿಹ್ಯಗಳನ್ನೂ ತಿರಸ್ಕರಿಸಬೇಕೆ? ಅದು ಸಲ್ಲದು. ನದಿಯ ಮೂಲವು ಎಲ್ಲಿದೆ, ಯಾವ ಕಡೆಗೆ ತಿರುಗುವುದು, ಎಲ್ಲಿ ಗುಡ್ಡವನ್ನು ಸೀಳುವುದು, ಮುಂಗಾರಿನ ಹೊಸನೀರು ಯಾವ ಬಣ್ಣಕ್ಕೆ ತಿರುಗುವುದು ಎಂಬ ಸೂಕ್ಷ್ಮಾವಲೋಕನವೆಲ್ಲವೂ ಆ ಕಥೆಗಳಲ್ಲಿ ಅಡಗಿದೆ. ಓದುಬರಹವಿಲ್ಲದ ಕಾಲದಲ್ಲಿ ಕಥೆಯೇ ಭೂಗೋಳದ ಪಠ್ಯವಾಗಿತ್ತು. ಕಥೆಯನ್ನು ಕಥೆಯೆಂದೇ ಗೌರವಿಸಿ, ಶಾಸನವನ್ನು ಶಾಸನವೆಂದೇ ಓದಿದರೆ ಎರಡಕ್ಕೂ ನ್ಯಾಯ ದೊರೆಯುವುದು.

ಈಗ 'ಕೂಡಲು' ಎಂಬ ಮೊದಲಿನ ಮಾತಿಗೆ ಹಿಂದಿರುಗಬೇಕು. ಈ ನುಡಿಯು ಒಂದು ಕ್ಷೇತ್ರದ ಸೊತ್ತಲ್ಲ. ತುಂಗೆ ಭದ್ರೆಗಳ ಕೂಡಲಿಯನ್ನು ಆಗಲೆ ಹೇಳಿದೆ. ಕಪಿಲೆಯು ಕಾವೇರಿಯನ್ನು ಸೇರುವ ಎಡೆಯು ತಿರುಮಕೂಡಲು. ಸೊಲ್ಲಾಪುರದ ಸೀಮೆಯಲ್ಲಿ ಸೀನಾ ನದಿಯು ಭೀಮೆಯನ್ನು ಸೇರುವ ಊರು ಇಂದು ಮಹಾರಾಷ್ಟ್ರದಲ್ಲಿದ್ದರೂ ಅದರ ಹೆಸರು ಕೂಡಲವೇ. ಅಲ್ಲಿಯೂ ಸಂಗಮೇಶ್ವರನ ಗುಡಿಯಿದೆ. ಕೃಷ್ಣೆ ತುಂಗಭದ್ರೆಗಳು ಕೂಡುವ ಕೂಡವೆಲ್ಲಿಯಲ್ಲಿಯೂ ಸಂಗಮೇಶ್ವರನ ಗುಡಿಯಿತ್ತು. ಶ್ರೀಶೈಲದ ಜಲಾಶಯದ ನೀರು ಏರುವುದರಿಂದ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಅಲಂಪುರಕ್ಕೆ ಸಾಗಿಸಿ ಮರಳಿ ಕಟ್ಟಿದರು. ಘಟಪ್ರಭೆಯು ಕೃಷ್ಣೆಯನ್ನು ಕೂಡುವಲ್ಲಿ ಚಿಕ್ಕಸಂಗಮವಿದೆ. ಎರಡು ನೀರುಗಳು ಕೂಡಿದಲ್ಲಿ ಶಿವನ ಗುಡಿಯನ್ನು ಕಟ್ಟುವುದು ದಕ್ಷಿಣದ ಹಳೆಯ ವಾಡಿಕೆ. ಕೂಡುವಿಕೆಯೇ ಪವಿತ್ರವೆಂಬ ಭಾವವು ಅದರ ಹಿಂದೆ ಇದೆ.

ಆದರೆ ಈ ಪಾವಿತ್ರ್ಯವನ್ನು ಅರಿತುಕೊಳ್ಳುವ ಬಗೆಯು ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಒಂದನೆಯ ಸೋಮೇಶ್ವರನು ಗುಣವಾಗದ ಬೇನೆಗೆ ಒಳಗಾಗಿ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣವನ್ನು ಅರ್ಪಿಸಿದನು. ನದಿಯಲ್ಲಿ ದೇಹವನ್ನು ಬಿಡುವುದೇ ಪರಮಪದಕ್ಕೆ ದಾರಿಯೆಂದು ಆ ಕಾಲದ ಶ್ರದ್ಧೆಯು ನಂಬಿತ್ತು. ಮುಂದಿನ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ನೆರೆದ ಶರಣರು ಈ ನಂಬಿಕೆಯನ್ನು ಒಪ್ಪಲಿಲ್ಲ. ನೀರಿನಲ್ಲಿ ಮಿಂದುದರಿಂದಲೇ ಪಾಪವು ಹೋಗದೆಂದೂ, ತೀರ್ಥಯಾತ್ರೆಯು ಮನದ ಶುದ್ಧಿಗೆ ಸಮನಾಗದೆಂದೂ ಅವರು ನಿರ್ಭಯವಾಗಿ ಸಾರಿದರು. ನೀರನ್ನು ಅವರು ಹಳಿದವರಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುವುದನ್ನೇ ಸೇವೆಯನ್ನಾಗಿ ಮಾಡಿದವರು. ಹರಿಯುವ ನದಿಯನ್ನು ಮುಕ್ತಿದಾತೆಯೆಂದು ಭ್ರಮಿಸಬಾರದೆಂಬುದೇ ಅವರ ಮಾತಿನ ತಿರುಳು. ಆದುದರಿಂದಲೇ ಅಷ್ಟಾವರಣದಲ್ಲಿ ಯಾವ ನದಿಯ ಹೆಸರೂ ಇಲ್ಲ, ಪಾದೋದಕವಿದೆ. ಗುರು ಲಿಂಗ ಜಂಗಮರ ಸನ್ನಿಧಿಯಲ್ಲಿ ಯಾವ ಬಾವಿಯ ನೀರಾದರೂ ತೀರ್ಥವೇ ಆಗುವುದು.

ಮಲಾಪಹಾರಿಯೆಂಬ ಹೆಸರು ಈ ದೃಷ್ಟಿಯಿಂದ ನೋಡಿದಾಗ ಹೊಸ ಅರ್ಥವನ್ನು ಪಡೆಯುವುದು. ಶಾಸ್ತ್ರವು ಆಣವ, ಮಾಯಾ, ಕಾರ್ಮಿಕವೆಂದು ಮೂರು ಮಲಗಳನ್ನು ಹೇಳುತ್ತದೆ. ವೇಧಾ, ಮಂತ್ರ, ಕ್ರಿಯೆಗಳೆಂಬ ಮೂರು ದೀಕ್ಷೆಗಳಿಂದ ಗುರುವು ಇವನ್ನು ಕಳೆಯುವನು. ಮೈಯ ಕೊಳೆಯನ್ನು ಮಲಪ್ರಭೆಯು ತೊಳೆದಾಳು. ಮನದ ಮಲವನ್ನು ತೊಳೆಯುವ ಹೊಳೆಯು ಗುರುಕಾರುಣ್ಯವೊಂದೇ. ಆ ನದಿಯ ತೀರದಲ್ಲಿಯೇ ವಿದ್ಯೆಯನ್ನು ಪಡೆದ ಬಸವಣ್ಣನವರು ನದಿಯನ್ನು ದೇವರೆನ್ನದೆ, ಕೂಡಿಕೆಯ ಒಡೆಯನನ್ನು ದೇವರೆಂದರು.

ಇಲ್ಲಿಯೇ ಶರಣರು ಮಾಡಿದ ಹೊಸ ಕಾರ್ಯವು ಕಾಣುವುದು. ಬಸವಣ್ಣನವರಿಗೆ ಸಮೀಪದ ಕಾಲದವನಾದ ಹರಿಹರ ಕವಿಯು ತನ್ನ ರಗಳೆಯಲ್ಲಿ ಈ ಕ್ಷೇತ್ರವನ್ನು ಕಪ್ಪಡಿಯ ಸಂಗಮವೆಂದು ಕರೆದು, ಜನಿವಾರವನ್ನು ತೊರೆದ ಬಾಲಕ ಬಸವನು ಅಲ್ಲಿಗೆ ಬಂದು ಸಂಗಮನಾಥನ ಸೇವೆಯಲ್ಲಿ ನಿಂತುದನ್ನು ವರ್ಣಿಸಿದ್ದಾನೆ. ಹುಟ್ಟಿನ ಭೇದವನ್ನು ಹೇಳುವ ದಾರವನ್ನು ಬಿಟ್ಟವರಿಗೆ ಭೇದವಳಿದು ಕೂಡುವ ನೀರಿನ ದಡವು ಆಶ್ರಯವಾಯಿತು. ಮುಂದೆ ಅವರು ಅಂಕಿತವನ್ನು ಆರಿಸಿಕೊಳ್ಳುವಾಗ ಕೈಲಾಸವನ್ನಾಗಲಿ ಕಾಶಿಯನ್ನಾಗಲಿ ಹುಡುಕಿಕೊಂಡು ಹೋಗಲಿಲ್ಲ. ಒಕ್ಕಲಿಗನೂ ಅಂಬಿಗನೂ ಬಳಸುವ 'ಕೂಡಲು' ಎಂಬ ನುಡಿಯನ್ನೇ ದೇವರ ಹೆಸರಿನ ಮೊದಲಿಗೆ ಇಟ್ಟರು. ಚೆನ್ನಬಸವಣ್ಣನವರ ಅಂಕಿತವು ಕೂಡಲಚೆನ್ನಸಂಗಮದೇವ, ನೀಲಮ್ಮನವರದು ಸಂಗಯ್ಯ, ಅಕ್ಕನಾಗಮ್ಮನವರದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಇಂದಿಗೂ ಸಂಗಪ್ಪ, ಸಂಗಮ್ಮ, ಸಂಗಮೇಶ, ಸಂಗನಬಸವ ಎಂಬ ಹೆಸರಿನವರಿಲ್ಲದ ಶರಣರ ಊರು ದುರ್ಲಭ. ನದಿಯ ಹೆಸರು ಊರಿಗೆ ಬರುವುದು ಸಾಮಾನ್ಯ. ನದಿಗಳು ಕೂಡಿದ ಎಡೆಯ ಹೆಸರು ದೇವರಿಗೂ, ದೇವರಿಂದ ಮನೆಮನೆಯ ಮಕ್ಕಳಿಗೂ ಬಂದುದು ಅಪೂರ್ವ.

ಕೂಡಲಿಯಲ್ಲಿ ತುಂಗೆಯ ನೀರೆಂದೂ ಭದ್ರೆಯ ನೀರೆಂದೂ ಬೇರೆಮಾಡಲು ಯಾರಿಂದಲೂ ಆಗದು. ಅನುಭವಮಂಟಪದಲ್ಲಿ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಧುವರಸ, ಹರಳಯ್ಯ ಇವರೆಲ್ಲರ ಹೆಸರುಗಳು ಒಂದೇ ಸಾಲಿನಲ್ಲಿ ನೆನೆಯಲ್ಪಡುವುದೂ ಅದೇ ನ್ಯಾಯದಿಂದ. ಕೂಡಿದ ಮೇಲೆ ಮೂಲವನ್ನು ಕೇಳಬಾರದೆಂಬ ಪಾಠವನ್ನು ಹೊಳೆಯು ಮೊದಲೇ ಹೇಳಿತ್ತು. ಶರಣರು ಅದನ್ನು ಬಾಳಿನಲ್ಲಿ ನಡೆದು ತೋರಿದರು, ಅದಕ್ಕಾಗಿ ಪ್ರಾಣವನ್ನೂ ತೆತ್ತರು.

ಕಾಲವು ಈ ನದಿಗಳ ಮೇಲೆಯೂ ತನ್ನ ಕೈಯನ್ನಿಟ್ಟಿದೆ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಜಲಾಶಯಕ್ಕೆ ಬಸವಸಾಗರವೆಂದು ಹೆಸರಿಟ್ಟರು. ಅದರ ಹಿನ್ನೀರು ಕೂಡಲಸಂಗಮದವರೆಗೂ ವ್ಯಾಪಿಸುವುದರಿಂದ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಗೋಡೆಯೆತ್ತಿ ಬಾವಿಯಂತೆ ರಕ್ಷಿಸಲಾಯಿತು. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುವರು. ನದಿಯ ಹೆಸರಿನಿಂದ ದೇವರನ್ನು ಕರೆದವರ ಹೆಸರೇ ಈಗ ನದಿಯ ನೀರಿಗೆ ಬಂದಿರುವುದು. ಅದೇ ಮಲಪ್ರಭೆಯು 2009ರಲ್ಲಿಯೂ 2019ರಲ್ಲಿಯೂ ಉಕ್ಕಿ ದಂಡೆಯ ಊರುಗಳನ್ನು ಕಾಡಿದುದನ್ನು ಯಾರೂ ಮರೆತಿಲ್ಲ. ಹೊಳೆಗೆ ಕೊಟ್ಟ ಹೆಸರು ಎಷ್ಟು ಪವಿತ್ರವಾದರೂ ಅದರ ಪಾತ್ರವನ್ನು ಒತ್ತಿದರೆ ಅದು ಸುಮ್ಮನಿರಲಾರದು.

ಮಠದ ಭಕ್ತರಿಗೂ ಶಿಷ್ಯರಿಗೂ ಇದರಿಂದ ಎರಡು ಕರ್ತವ್ಯಗಳು ತೋರುವುವು. ಮಲಾಪಹಾರಿಯೆಂಬ ಹೆಸರಿನ ಹೊಳೆಗೆ ಮಿಂದ ಬಟ್ಟೆಯನ್ನೂ ಪೂಜೆಯ ಕಸವನ್ನೂ ಬಿಡುವುದು ಆ ಹೆಸರಿಗೇ ಮಾಡುವ ಅಪಚಾರ. ಅದನ್ನು ನಿಲ್ಲಿಸುವುದು ಮೊದಲನೆಯದು. ಎರಡನೆಯದು ಹೆಸರುಗಳ ರಕ್ಷಣೆ. ದೊಡ್ಡ ನದಿಗಳಿಗೆ ಪುರಾಣವೂ ಶಾಸನವೂ ಕಾವಲಾಗಿವೆ. ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳದಂತಹ, ಕೃಷ್ಣೆಯನ್ನು ಸೇರುವ ಡೋಣಿಯಂತಹ ಹೊಳೆಹಳ್ಳಗಳ ಹೆಸರುಗಳು ಜನರ ಬಾಯಿಯನ್ನೇ ನಂಬಿಕೊಂಡಿವೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳವೆಂಬ ಮಾತನ್ನು ಕಲಿಸಿದವರು ಪೌರಾಣಿಕರಲ್ಲ, ಹೊಲದಲ್ಲಿ ದುಡಿದವರು. ಅವಕ್ಕಿಂತಲೂ ಚಿಕ್ಕವಾದ, ಊರೂರಿನ ಹೊಲಗಳ ನಡುವೆ ಹರಿಯುವ ಹಳ್ಳಗಳಿಗೂ ಒಂದೊಂದು ಹೆಸರುಂಟು. ಅವುಗಳನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿರುವರು.

ಪ್ರತಿಯೊಂದು ಊರಿನ ಶಿಷ್ಯರು ತಮ್ಮ ಹಳ್ಳದ ಹೆಸರನ್ನೂ, ಅದರ ಮೂಲವನ್ನೂ, ಅದು ಯಾವ ಹೊಳೆಯನ್ನು ಎಲ್ಲಿ ಕೂಡುವುದೆಂಬುದನ್ನೂ ಹಿರಿಯರಿಂದ ಕೇಳಿ ಬರೆದು ಶ್ರೀಮಠಕ್ಕೆ ಒಪ್ಪಿಸಿದರೆ, ಈ ಮಹೋತ್ಸವಕ್ಕೆ ಅದಕ್ಕಿಂತ ಉಚಿತವಾದ ಕಾಣಿಕೆಯಿರದು. ಅಂತಹ ಹಳ್ಳಗಳೆಲ್ಲ ಕೂಡಿಯೇ ಮಲಪ್ರಭೆಯಾದುದು; ಮಲಪ್ರಭೆಯು ಕೂಡಿದುದರಿಂದಲೇ ಕೂಡಲಸಂಗಮವಾದುದು.